ಒಂದೇ ಥಾನಿನ ಪರದೆಗಳು

ಬುಧವಾರ, ಮಧ್ಯಾಹ್ನ

ನನ್ನ ಬಾಯಿಬಡುಕಿ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಫೋನಿನಲ್ಲಾದರೆ ಅರ್ಧ ಮಾತಿಗೇ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೈ.

ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲೇ ಪರದೆ ಹೊಲಿಯುತ್ತೇನೆ ಎಂದಾಗ ಎಲ್ಲರಿಗಿಂತ ಮೊದಲು ಒಪ್ಪಿದವರು ಅತ್ತೆ. ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ಸೋಫಾದ ಮೇಲೆ ಮಲಗುತ್ತಿದ್ದಾರೆ. ಅವರ ಮಂಚವಿದ್ದ ಜಾಗದಲ್ಲಿ ಈಗ ನನ್ನ ಮೇಜು, ಕಿಟಕಿಯ ಕೆಳಗೆ ಮಿಷನ್. ಬೆಳಿಗ್ಗೆ ಅವರು ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೇಳಿದರೆ, "ನಿನ್ನ ಕೆಲಸ ನೀನು ನೋಡ್ಕೋ, ನನ್ನ ಸೊಂಟ ನಾನು ನೋಡ್ಕೋತೀನಿ" ಅನ್ನುತ್ತಾರೆ.

ಮೊದಲ ದೊಡ್ಡ ಆರ್ಡರು ಶಾಲೆಯದು. ಅವರ ಹೊಸ ವೇದಿಕೆಗೆ ಕೆಂಪು ಮಖಮಲ್ಲಿನ ಜೋಡಿ ಪರದೆ. ಚೆನ್ನಾಗಿ ಬಂದರೆ ತರಗತಿಗಳ ಕಿಟಕಿಗಳಿಗೂ ನೀವೇ ಹೊಲಿಯಿರಿ ಎಂದಿದ್ದಾರೆ ಮುಖ್ಯೋಪಾಧ್ಯಾಯಿನಿ. ಕೆಟ್ಟರೆ ಈ ಬೀದಿಯಲ್ಲಿ ಯಾರೂ ನನ್ನ ಕೈಗೆ ಒಂದು ತುಂಡು ಬಟ್ಟೆ ಕೊಡುವುದಿಲ್ಲ. ಮಿಷನ್ ಮಾರಿ ಮಂಚವನ್ನು ಮತ್ತೆ ಒಳಗೆ ಹಾಕುವುದೇ.

ಮಖಮಲ್ ಬೆಕ್ಕಿನ ಬೆನ್ನಿನ ಹಾಗೆ. ಅದರ ನವಿರು, ಮೇಲಿನ ಆ ಸಣ್ಣ ಕೂದಲಿನಂಥ ಎಳೆ, ಒಂದೇ ಕಡೆಗೆ ಮಲಗಿರುತ್ತದೆ. ಜೋಡಿ ಹೊಲಿಯುವಾಗ ಎರಡರ ನವಿರೂ ಒಂದೇ ದಿಕ್ಕಿಗಿರಬೇಕು, ಇಲ್ಲದಿದ್ದರೆ ಬೆಳಕಿಗೆ ಎರಡೂ ಬೇರೆ ಬೇರೆ ಬಣ್ಣ ಕಾಣುತ್ತವೆ. ಕಾರ್ಖಾನೆಯಲ್ಲಿ ಕತ್ತರಿಸುವವರು ಬೇರೆ, ಗುರುತು ಹಾಕಿದ ತುಂಡೇ ನನ್ನ ಕೈಗೆ ಬರುತ್ತಿತ್ತು. ಇಲ್ಲಿ ಮೇಜು ಚಿಕ್ಕದು. ಬಟ್ಟೆ ತಿರುಗಿಸಿ ತಿರುಗಿಸಿ ಹಾಸುವಾಗ ಎಲ್ಲೋ ಎಡವಟ್ಟಾಗಿ, ಎರಡನೆಯ ಪರದೆಯನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ದೀಪ ಹಾಕಿದ ಮೇಲೆ ಗೊತ್ತಾಯಿತು. ಒಂದು ಮಾಗಿದ ದಾಳಿಂಬೆಯ ಬಣ್ಣ, ಇನ್ನೊಂದು ಒಗೆದು ಒಗೆದು ಮಂಕಾದಂತೆ. ಎರಡನ್ನೂ ಒಂದೇ ಥಾನಿನ ಬಟ್ಟೆಯಿಂದ ಕತ್ತರಿಸಿದ್ದು ಎಂದು ಆಣೆ ಮಾಡಿದರೂ ಯಾರು ನಂಬುತ್ತಾರೆ?

"ಸುಮ್ನೆ ಕೊಟ್ಬಿಡು, ಜನ ನಾಟಕ ನೋಡ್ತಾರೋ, ಪರದೆ ನೋಡ್ತಾರೋ?" ಎಂದರು ನನ್ನ ಯಜಮಾನರು. ಅತ್ತೆಗೆ ಹೇಳುವ ಧೈರ್ಯವಿಲ್ಲ. ಬಿಚ್ಚಿ ತಿರುಗಿಸಿ ಹೊಲಿಯಬಹುದು, ಆದರೆ ಮಖಮಲ್ಲಿನಲ್ಲಿ ಸೂಜಿಯ ಗುರುತು ಹೋಗುವುದಿಲ್ಲ, ಅಂಚಿಗೆ ಪಟ್ಟಿ ಕೊಟ್ಟು ಮುಚ್ಚಬೇಕು. ಅದೂ ಚೆನ್ನಾಗಿ ಕಾಣದಿದ್ದರೆ? ನೀನಾಗಿದ್ದರೆ ಶಾಲೆಯವರಿಗೆ ಹೇಳಿಬಿಡುತ್ತಿದ್ದೆಯಾ, ಇಲ್ಲ ಬಾಯಿ ಮುಚ್ಚಿಕೊಂಡು ಕೊಡುತ್ತಿದ್ದೆಯಾ? ಊಟ ಸೇರುತ್ತಿಲ್ಲ. ಭಯವಾಗಿದೆ ಅಕ್ಕ, ನಿಜವಾಗಿ ಭಯವಾಗಿದೆ.

ಮಕ್ಕಳಿಗೆ ಮುತ್ತು. ಭಾವನಿಗೆ ಇದನ್ನೆಲ್ಲ ಹೇಳಬೇಡ, ವರ್ಷವಿಡೀ ಆಡಿಕೊಳ್ಳುತ್ತಾರೆ.

ನಿನ್ನ ಬೈಗುಳಕ್ಕೆ ಕಾದು ಕೂತಿರುವ
ತಂಗಿ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ಪರದೆ ಮನೆಯಲ್ಲಿಲ್ಲ, ನಿನ್ನೆಯೇ ಕೊಟ್ಟು ಬಂದೆ. ನನ್ನೆದುರಿಗೇ ತೂಗುಹಾಕಿ ದೀಪ ಹಾಕಿದರು. ಮುಖ್ಯೋಪಾಧ್ಯಾಯಿನಿ ಆ ಕಡೆ ನೋಡಿದರು, ಈ ಕಡೆ ನೋಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದರು. "ನನ್ನ ಕಣ್ಣೇ ಮಂಜಾಗ್ತಿದೆ ಕಣಮ್ಮ, ಡಾಕ್ಟರ ಹತ್ರ ಹೋಗ್ಬೇಕು" ಎಂದರು. ನಾನು, ವಯಸ್ಸಾದ ಮೇಲೆ ಹಾಗೇ ಮೇಡಂ ಎಂದುಬಿಟ್ಟೆ. ಈ ಕಾಗದವನ್ನು ಅಂಚೆಗೆ ಹಾಕಿ ನೇರ ಶಾಲೆಗೇ ಹೋಗುತ್ತಿದ್ದೇನೆ. ಸರಿಮಾಡಲು ಪರದೆ ವಾಪಸು ಕೊಡುತ್ತಾರೋ, ನನ್ನನ್ನೇ ಹೊರಗಟ್ಟುತ್ತಾರೋ ತಿಳಿಯದು. ಬಾಗಿಲಲ್ಲೇ ನಿಂತು ಹೇಳಬೇಕಾದ್ದು ಮಾತ್ರ ಗೊತ್ತಿದೆ: ನಿಮ್ಮ ಕಣ್ಣು ಸರಿಯಾಗೇ ಇದೆ ಮೇಡಂ.