ಶರಬತ್ತಿನ ಸೋಡಾ

ಶಿಕಾರಿಪುರ, ಏಪ್ರಿಲ್ ೧೯೫೮

ಚಿ. ರೇವಣಸಿದ್ಧನಿಗೆ,

ಬುದ್ಧಿಗೇಡಿ, ಕಾಲೇಜು ಬಿಟ್ಟು ನಮ್ಮ ಸೋಡಾ ಅಂಗಡಿಯಲ್ಲಿ ಕೂರುತ್ತೇನೆಂದು ಬರೆಯಲು ನಾಚಿಕೆಯಾಗಲಿಲ್ಲವೇ ನಿನಗೆ? ಸೀಸೆ ಸಿಡಿದು ನಿಮ್ಮಪ್ಪನ ಎಡಗಣ್ಣು ಹೋಗಿದ್ದು ನಿಜ. ನೀನು ಕಳಿಸಿದ ಲೆಕ್ಕದಂತೆಯೇ ಶರಬತ್ತಿನ ಸೋಡಾಕ್ಕೆ ಗ್ಯಾಸು ತುಂಬಿದ್ದೂ ನಿಜ. ಬರೀ ನೀರು ಎಷ್ಟು ಗ್ಯಾಸು ಕರಗಿಸಿಕೊಳ್ಳುತ್ತದೆ, ಶರಬತ್ತಿನ ಪಾಕ ಎಷ್ಟು ಎಂದು ಬೇರೆ ಬೇರೆ ನೋಡಿ ಸರಾಸರಿ ತೆಗೆದೆ ಎಂದು ನೀನೇ ಬರೆದಿದ್ದೀ. ಬೆರೆತ ಮೇಲೆ ಅವು ಅಷ್ಟು ಗ್ಯಾಸು ಹಿಡಿಯಲಿಲ್ಲ. ನಮ್ಮೂರ ಬಿಸಿಲೂ ನಿನ್ನ ಲೆಕ್ಕದಲ್ಲಿರಲಿಲ್ಲ. ಮಿಕ್ಕ ಗ್ಯಾಸು ಗಾಜನ್ನೇ ಸೀಳಿತು.

ಮೊನ್ನೆ ಸೋಡಾ ಮಿಷನ್ ತಿರುಗಿಸುವ ಮಸ್ತಾನ್ ಸಾಬ್, "ಶರಬತ್ತಿನ ಸೀಸೆ ಎಲ್ಲ ಎಸೆದ್ಬಿಡ್ಲೇನ್ರೀ ಯಜಮಾನ್ರೇ?" ಎಂದು ಕೇಳಿದ. ನಿಮ್ಮಪ್ಪ, "ತೊಳೆದಿಡೋ ಮಾರಾಯ, ನಮ್ಮ ಹುಡುಗ ಸರಿಯಾದ ಲೆಕ್ಕ ಕಳಿಸ್ತಾನೆ" ಎಂದ. ನಾನು ಒಲೆ ಊದುವ ನೆಪದಲ್ಲಿ ಒಳಗೆ ಎದ್ದುಹೋದೆ.

ಬೆರೆತದ್ದರ ಲೆಕ್ಕ ಹೇಗೆಂದು ನಿಮ್ಮ ಮೇಷ್ಟರ ಹತ್ತಿರ ಕೂತು ಕಲಿ. ಅಪ್ಪನಿಗೆ ತಪ್ಪಾಯಿತು ಗಿಪ್ಪಾಯಿತು ಎಂದೆಲ್ಲ ಬರೆಯಬೇಡ, ಲೆಕ್ಕ ಬರೆ. ಅಕ್ಷರ ದಪ್ಪಗಿರಲಿ, ತಾನೇ ಓದಬೇಕಂತೆ ಅವನು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅಜ್ಜಿ,
ಬಸವಣ್ಣೆಮ್ಮ