ದೇವರ ಗಂಟೆ, ಸರ್ಕಾರದ ಗಂಟೆ

ಲಾಸ್ ಹಿಗೆರಾಸ್, ಮಿಚೋಕಾನ್
ಮೇ ೧೯, ೧೯೯೬, ಭಾನುವಾರ
ದೇವರ ಗಂಟೆಯಲ್ಲಿ ಸಂಜೆ ನಾಲ್ಕು

ಪ್ರೀತಿಯ ಅಕ್ಕ ಒಬ್ದುಲಿಯಾ,

ನಿನ್ನ ಸಿಟ್ಟಿನ ಕಾಗದ ಸಿಕ್ಕಿತು. ಎರಡು ಭಾನುವಾರ ಗ್ವಾದಲಹಾರಾದಿಂದ ಅಂಗಡಿಯ ಫೋನಿಗೆ ಕರೆ ಮಾಡಿದರೂ ಅಮ್ಮ ಬರಲಿಲ್ಲ, ಏನಾಗಿದೆ ಎಂದು ಕೇಳಿದ್ದೀಯ. ಏನೂ ಆಗಿಲ್ಲ. ನೀನು ಹೇಳಿದ ಐದು ಸರ್ಕಾರದ ಐದು. ಇಲ್ಲಿ ಆಗಿನ್ನೂ ನಾಲ್ಕು. ಏಪ್ರಿಲ್‌ನಲ್ಲಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳಿತಲ್ಲ, ನಮ್ಮೂರು ತಳ್ಳಲಿಲ್ಲ, ಹಳೆಯ ಸಮಯದಲ್ಲೇ, ದೇವರ ಗಂಟೆಯಲ್ಲೇ ಉಳಿಯಿತು. ತಳ್ಳಲು ಬಿಡದವಳು ನಿನ್ನ ತಂಗಿ.

ಬಸ್ ನಿಲ್ದಾಣದಲ್ಲಿ ಹಂಚಿದ ಕರಪತ್ರ ನನಗೆ ಬಾಯಿಪಾಠವಾಗಿತ್ತು. ದುಡಿಯುವವರಿಂದ ಎಲ್ಲವನ್ನೂ ಕಿತ್ತುಕೊಂಡವರು ಈಗ ಅವರ ನಿದ್ದೆಗೂ ಕೈ ಹಾಕಿದ್ದಾರೆ ಎಂದು ಅದರಲ್ಲಿತ್ತು. ಗಡಿಯಾರ ತಳ್ಳಿದರೆ ಕರೆಂಟು ಉಳಿಯುತ್ತದೆಂದು ಸರ್ಕಾರದ ಮಾತು. ಮನೆಗೊಂದು ಬಲ್ಬಿರುವ ಊರಿನಲ್ಲಿ ಎಷ್ಟು ಉಳಿದೀತು? ಸಂಜೆ ಹಚ್ಚದ ಬಲ್ಬನ್ನು ನಸುಕಿನಲ್ಲಿ ಹಚ್ಚುತ್ತೇವೆ, ಅಷ್ಟೆ. ಚಿಕ್ಕ ಮಕ್ಕಳು ಕತ್ತಲಲ್ಲಿ ಎಡವುತ್ತ ಶಾಲೆಗೆ ಹೋಗಬೇಕು. ಇದನ್ನೆಲ್ಲ ಊರ ಸಭೆಯಲ್ಲಿ ಬೆಂಚು ಹತ್ತಿ ಹೇಳಿದೆ. ಚರ್ಚು, ಶಾಲೆ, ಹಿಟ್ಟಿನ ಗಿರಣಿ ಎಲ್ಲವೂ ದೇವರ ಗಂಟೆಗೇ ನಡೆಯಲಿ ಎಂದು ಕೈಗಳೆದ್ದವು. ಗಿರಣಿಯ ದೋನ್ ಪ್ರೊಸ್ಪೆರೊ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮಾಲೀಕನೊಬ್ಬ ನನ್ನ ಮಾತಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸ್ಟ್ರಾಬೆರಿ ಶೆಡ್ಡಿನ ಹೆಂಗಸರು ಆ ಸಭೆಯಲ್ಲಿರಲಿಲ್ಲ, ಕೆಲಸದಲ್ಲಿದ್ದರು. ಅಮ್ಮನೂ ಅಷ್ಟೆ. ಅವರನ್ನು ಸಾಮೋರಾದ ಶೆಡ್ಡಿಗೆ ಒಯ್ಯುವ ಬಸ್ಸು ಸರ್ಕಾರದ ಗಂಟೆಗೆ ಬರುತ್ತದೆ. ಮೊದಲು ಅವರು ಸುಣ್ಣದ ನೀರಲ್ಲಿ ಬೆಂದ ಮೆಕ್ಕೆಜೋಳವನ್ನು ಗಿರಣಿಯಲ್ಲಿ ಬೀಸಿಸಿ, ರೊಟ್ಟಿ ಸುಟ್ಟು, ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಈಗ ಗಿರಣಿ ಬಾಗಿಲು ತೆಗೆಯುವಾಗ ಬಸ್ಸು ಊರು ದಾಟಿರುತ್ತದೆ. ಒಂದು ಗಂಟೆ ಮೊದಲು ತೆಗೆಯಿರಿ ಎಂದು ಹೆಂಗಸರು ಕೇಳಿದರೆ ದೋನ್ ಪ್ರೊಸ್ಪೆರೊ ಹಾಸಿಗೆಯಿಂದಲೇ ನನ್ನ ಹೆಸರು ಹೇಳುತ್ತಾನಂತೆ. "ಫಿದೆಲಿಯಾನ್ನ ಕೇಳ್ರಮ್ಮ. ಊರು ತೀರ್ಮಾನ ಮಾಡಿದ್ಮೇಲೆ ಮುರಿಯೋಕೆ ನಾನ್ಯಾರು?"

ಅಮ್ಮ ಮೊದಲು ಬಯ್ಯಲಿಲ್ಲ. ಜೋಳದ ಪಾತ್ರೆಯನ್ನು ನನ್ನೆದುರು ಕುಕ್ಕಿ, "ನಿನ್ನ ದೇವರಿಗೆ ಹಿಟ್ಟು ಬೀಸೋಕೆ ಬರುತ್ತಾ, ಕೇಳಿ ಹೇಳು" ಎಂದಳು. ಇದು ಒಬ್ಬಿಬ್ಬರ ತೊಂದರೆ, ಹೋರಾಟದಲ್ಲಿ ಸಹಿಸಬೇಕಾದದ್ದು ಎಂದು ನಾನು ವಿವರಿಸಿದೆ. ಹೌದು, ಅಮ್ಮನಿಗೇ ವಿವರಿಸಿದೆ.

ಅವಳು ಹೇಳಿದ ಇನ್ನೊಂದು ಮಾತು ನನ್ನನ್ನು ಬಿಡುತ್ತಿಲ್ಲ. "ಈ ಸರ್ಕಾರದ ಗಂಟೆ ಬಂದ್ಮೇಲೆ ಬೆಳಕಿರೋವಾಗ್ಲೇ ಮನೆಗೆ ಬರ್ತೀನಿ. ಎಷ್ಟು ವರ್ಷ ಆಯ್ತೇ, ನನ್ನ ಜೆರೇನಿಯಂ ಹೂ ಯಾವ ಬಣ್ಣ ಅಂತ್ಲೇ ಮರೆತಿದ್ದೆ. ಅದನ್ನೂ ಬೇಡ ಅಂತೀಯಾ?"

ಕರಪತ್ರವನ್ನು ಮತ್ತೆ ತೆಗೆದು ಓದಿದೆ ಅಕ್ಕ. ಮಕ್ಕಳಿಗೆ ನಸುಕಿನ ಬೆಳಕು ಬೇಕು, ಅಮ್ಮನಿಗೆ ಸಂಜೆಯ ಬೆಳಕು ಬೇಕು. ಇರುವುದು ಒಬ್ಬನೇ ಸೂರ್ಯ. ಯಾರ ಪಕ್ಷ ದುಡಿಯುವವರ ಪಕ್ಷ? ಚಳಿಗಾಲದಲ್ಲಿ ಹಿಂದಕ್ಕೆ, ಬೇಸಿಗೆಯಲ್ಲಿ ಮುಂದಕ್ಕೆ ಎಂದು ಗಡಿಯಾರವನ್ನು ಎಳೆದಾಡುವುದು ಮೋಸವೆಂದು ಈಗಲೂ ನಂಬುತ್ತೇನೆ. ಮರುಕ್ಷಣ ಅಮ್ಮ ಹೂವಿನ ಮುಂದೆ ಬಗ್ಗಿ ನಿಂತದ್ದು ನೆನಪಾಗುತ್ತದೆ.

ಬರುವ ಭಾನುವಾರ ಮತ್ತೆ ಸಭೆ. ಈ ಸಲ ಶೆಡ್ಡಿನ ಹೆಂಗಸರೂ ಬರುತ್ತಾರೆ. ನಾನು ಬೆಂಚು ಹತ್ತಿದರೆ ಏನು ಹೇಳಲಿ? ಅಷ್ಟರೊಳಗೆ ಬರೆ. ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ತಂಗಿ,
ಫಿದೆಲಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಅಮ್ಮ ಮನೆಯಲ್ಲಿಲ್ಲ. ಮೇ ತಿಂಗಳು ಹುಟ್ಟಿದಾಗಿನಿಂದ ಹೆದ್ದಾರಿ ಬದಿಯ ನಿನ್ನ ಧರ್ಮತಾಯಿ ಎರ್ಮಿನಿಯಾ ಮನೆಯಲ್ಲಿದ್ದಾಳೆ. ಒಂದು ಒಲೆಗೆ ಎರಡು ಗಂಟೆ ಒಗ್ಗಲ್ಲ ಎಂದು ಹೇಳಿ ಹೋದಳು. ಫೋನು ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಅಮ್ಮ ಇನ್ನೂ ಬಂದಿಲ್ಲ ಅನ್ನು ಎಂದು ಅಂಗಡಿಯವಳಿಗೆ ಹೇಳಿಕೊಟ್ಟವಳು ನಾನೇ. ನಿನ್ನೆ ಗಿರಣಿ ತೆರೆಯುವ ಮೊದಲೇ ಎದ್ದು, ಅಜ್ಜಿಯ ರುಬ್ಬುವ ಕಲ್ಲಿನಲ್ಲಿ ಜೋಳ ಅರೆದು, ರೊಟ್ಟಿ ಸುಟ್ಟು, ಹೆದ್ದಾರಿಗೆ ಓಡಿದೆ. ಅಮ್ಮ ಆಗಲೇ ಬಸ್ಸಿನಲ್ಲಿದ್ದಳು. ಕಿಟಕಿಯಿಂದ ಗಂಟು ತೆಗೆದುಕೊಂಡು, ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. "ತರಿ ತರಿಯಾಗಿದೆ. ಯಾರ ಗಂಟೆಗೆ ಎದ್ದೆ?" ಎಂದು ಕೇಳಿದಳು. ನಿನ್ನ ಗಂಟೆಗೆ ಎಂದೆ. ಬಸ್ಸು ಹೊರಟಿತ್ತು. ಕೇಳಿಸಿತೋ ಇಲ್ಲವೋ.