ಆನೆಗುಂಡಿನ ಬಿರುಕು

ರಾಮನಗರ
ಭಾನುವಾರ ಸಂಜೆ

ನನ್ನ ಹಟಮಾರಿ ಧನುಶ್ರೀಗೆ,

ಫೋನ್ ಎತ್ತುತ್ತಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಸಿಟ್ಟು ಬಂದರೆ ಮಾತು ಬಿಡುವುದು ನಿನ್ನ ಹಳೆಯ ಚಾಳಿ. ಕಾಲೇಜಿನ ದಿನಗಳಲ್ಲಿ ಯಾವುದೋ ಒಂದು ಪೆನ್ಸಿಲ್ ಕಳೆದೆನೆಂದು, ಚನ್ನಪಟ್ಟಣದಿಂದ ಹೊರಡುವ ರೈಲಿನಲ್ಲಿ ನನ್ನೆದುರೇ ಕೂತು ಒಂದು ವಾರ ಕಿಟಕಿ ನೋಡಿದವಳು ನೀನು. ಆಗ ನನಗೆ ನಗು ಬರುತ್ತಿತ್ತು. ಈಗ ಭಯವಾಗುತ್ತಿದೆ. ಈ ಕಾಗದವನ್ನು ಹಾಲಿನ ಗಾಡಿಯ ದೇವರಾಜ್ ಕೈಗೆ ಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ನೀನು ಅಂಗನವಾಡಿಗೆ ಹೊರಡುವ ಮೊದಲೇ ನಿನ್ನ ಕೈಗೆ ತಲುಪಿಸು ಎಂದು ಹತ್ತು ಸಲ ಹೇಳಿದ್ದೇನೆ. ಮೊದಲ ಸಾಲಿನಲ್ಲೇ ಹೇಳಬೇಕಿದ್ದ ಮಾತು ಇದು: ಬೀಗ ತೆಗೆಯಬೇಡ ಧನು. ನಾಳೆ ಆ ಬಾಗಿಲು ತೆಗೆಯಬೇಡ.

ಗುರುವಾರ ನಾನು ಬಂದು ಇದನ್ನೇ ಹೇಳಿದಾಗ ನೀನು ಕೊಟ್ಟ ಉತ್ತರ ಕಿವಿಯಲ್ಲಿ ಹಾಗೇ ಇದೆ. "ನೀನೇ ಬರ್ದುಕೊಟ್ಟಿದ್ದು ಕಣೇ ಅದು. ಏನೂ ಆಗಕಿಲ್ಲ ಅಂತ ನೀನೇ ಸೈನ್ ಹಾಕಿದ್ದು. ಈಗ ಬಂದು ಕಲ್ಲು ಬತ್ತದೆ ಅಂದ್ರೆ, ಆ ತಾಯಂದ್ರಿಗೆ ನಾನ್ ಏನ್ ಮಕ ತೋರ್ಸ್ಲಿ?" ಎಂದು ಕೇಳಿ ಒಳಗೆ ಹೋಗಿಬಿಟ್ಟೆ. ನೀನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ತಪ್ಪು ನನ್ನದು. ಅದು ಎಲ್ಲಿಂದ ಶುರುವಾಯಿತೆಂದು ಇವತ್ತು ಒಂದೂ ಬಿಡದೆ ಹೇಳುತ್ತೇನೆ, ಸಿಟ್ಟಿನಲ್ಲೇ ಓದು, ಆದರೆ ಪೂರ್ತಿ ಓದು.

ಅನಂತರಾಜು ಸರ್ ಅವರ ಭೂವಿಜ್ಞಾನದ ಪ್ರಾಕ್ಟಿಕಲ್ ನೆನಪಿದೆಯಾ? ಕಲ್ಲನ್ನು ಗಾಳಿಯಲ್ಲಿ ತೂಗು, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗು, ಸಾಂದ್ರತೆ ತೆಗೆ, ಪುಸ್ತಕದಲ್ಲಿರುವ ಅಂಕಿಗೂ ನಿನಗೆ ಬಂದ ಅಂಕಿಗೂ ಶೇಕಡಾ ಎಷ್ಟು ದೋಷ ಎಂದು ಬರೆ. ಐದರ ಒಳಗಿದ್ದರೆ ಸಹಿ, ಮೀರಿದರೆ ರೆಕಾರ್ಡ್ ಪುಸ್ತಕ ಮುಖಕ್ಕೆ ವಾಪಸ್. ಅದಕ್ಕೇ ನಾವೆಲ್ಲ ಉತ್ತರವನ್ನು ಮೊದಲು ಪೆನ್ಸಿಲಿನಲ್ಲಿ ಬರೆದು, ಅದಕ್ಕೆ ಹೊಂದುವ ಹಾಗೆ ತೂಕಗಳನ್ನು ಆಮೇಲೆ ತುಂಬುತ್ತಿದ್ದೆವು. ಇಡೀ ಕ್ಲಾಸಿನಲ್ಲಿ ಹಾಗೆ ಮಾಡದವಳು ನೀನೊಬ್ಬಳೇ. ನಿನ್ನ ಪುಸ್ತಕ ಮೂರು ಸಲ ವಾಪಸ್ ಬಂದಾಗ ನಿನಗೆ ಗೊತ್ತಾಗದ ಹಾಗೆ ಅಳಿಸಿ ಸರಿಮಾಡಿ ಸಹಿ ಹಾಕಿಸಿದವಳು ನಾನು. ಅದನ್ನು ದೊಡ್ಡ ಉಪಕಾರವೆಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಆ ಜಾಣತನಕ್ಕೇ ನನಗೆ ಫಸ್ಟ್ ಕ್ಲಾಸು ಸಿಕ್ಕಿತು, ಇಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು.

ಹೋದ ಜೂನಿನಲ್ಲಿ ನೀನು ಕರೆದೆ. ಅಂಗನವಾಡಿಯ ಹಿಂದಿನ ಆನೆಗುಂಡು ಬಂಡೆ ಗುಡ್ಡದಿಂದ ಬಿಟ್ಟುಕೊಳ್ಳುತ್ತಿದೆ ಎಂದು ಊರಲ್ಲಿ ಗುಸುಗುಸು ಎದ್ದು, ಮಕ್ಕಳ ಸಂಖ್ಯೆ ಆರಕ್ಕೆ ಇಳಿದಿತ್ತು. ಹೀಗೇ ಆದರೆ ಕೇಂದ್ರವನ್ನೇ ಮುಚ್ಚುತ್ತಾರೆ ಎಂದು ನೀನು ಅತ್ತುಬಿಟ್ಟೆ. ಬಿರುಕಿನ ಆಚೆಗೊಂದು ಈಚೆಗೊಂದು ಮೊಳೆ ಹೊಡೆದು, ವರ್ನಿಯರ್ ಕೈಗೆ ಕೊಟ್ಟು, ತಿಂಗಳಿಗೊಮ್ಮೆ ಮೊಳೆಗಳ ನಡುವಿನ ಅಂತರ ಅಳೆದು ಕಳಿಸು ಎಂದು ಹೇಳಿ ಬಂದೆ. ನೀನು ಒಂದು ತಿಂಗಳೂ ತಪ್ಪಿಸಲಿಲ್ಲ. ಮೊದಲ ಸಲ 31.2 ಮಿಲಿಮೀಟರ್. ಆಮೇಲೆ ತಿಂಗಳಿಗೆ 0.1ರಂತೆ ಏರಿ ಸೆಪ್ಟೆಂಬರಿಗೆ 31.5. ನನಗೆ ಖುಷಿಯೋ ಖುಷಿ, ಗ್ರಾಫಿನ ಮೇಲೆ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ. ಅಕ್ಟೋಬರಿನ ಮಳೆ ನಿಂತ ಮೇಲೆ ನೀನು 32.3 ಎಂದು ಕಳಿಸಿದೆ. ವರ್ನಿಯರ್ ಓರೆಯಾಗಿ ಹಿಡಿದಿದ್ದೀಯ ಎಂದೆ. "ಇಲ್ಲ ಕಣೇ, ಮೂರ್ ಸಲ ನೋಡ್ದೆ, ಅಷ್ಟೇ ಬತ್ತೈತೆ" ಎಂದೆ ನೀನು. ಕೇಳಲಿಲ್ಲ ನಾನು. ಗೆರೆಗೆ ಹೊಂದಲಿ ಎಂದು 31.6 ಬರೆದೆ. ಹೆಚ್ಚಾದ 0.7 ನಿನ್ನ ಕೈದೋಷ ಎಂದು ನಾನೇ ತೀರ್ಮಾನಿಸಿ, ಅಲ್ಲಿಂದ ಮುಂದೆ ಪ್ರತಿ ತಿಂಗಳೂ ನಿನ್ನ ಅಳತೆಯಿಂದ ಅಷ್ಟನ್ನು ಕಳೆದು ಬರೆಯುತ್ತಾ ಹೋದೆ. ಕಲ್ಲು ನಿಜವಾಗಿ ಒಮ್ಮೆಗೇ ಜರುಗಿತ್ತು ಧನು. ನೀನು ಸರಿಯಾಗಿಯೇ ನೋಡಿದ್ದೆ.

ಇನ್ನೊಂದೂ ಇದೆ. ಗುಂಡು ಕೂತಿರುವ ಬುಡದಿಂದ ಒಂದು ಚೂರು ಕಲ್ಲನ್ನು ಟಿಫನ್ ಡಬ್ಬಿಯಲ್ಲಿ ತಂದುಕೊಟ್ಟಿದ್ದೆಯಲ್ಲ, ಅದನ್ನು ಲ್ಯಾಬಿನಲ್ಲಿ ತೂಗಿದೆ. ಗಾಳಿಯಲ್ಲಿ 185 ಗ್ರಾಂ, ನೀರಿನಲ್ಲಿ 108. ಸಾಂದ್ರತೆ 2.40 ಬಂತು. ಪುಸ್ತಕದಲ್ಲಿ ಗಟ್ಟಿ ಗ್ರಾನೈಟಿಗೆ 2.65. ಶೇಕಡಾ ಒಂಬತ್ತು ದೋಷ. ತಕ್ಕಡಿ ಹಳೆಯದು, ಕಲ್ಲಿಗೆ ಗುಳ್ಳೆ ಅಂಟಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಪುಸ್ತಕದ ಅಂಕಿಯನ್ನೇ ಬರೆದೆ. ಆ ಚೂರನ್ನು ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತಿತ್ತು. ಅದನ್ನು ನೋಡಿಯೂ ಬರೆದೆ. ತಕ್ಕಡಿಯಲ್ಲಿ ದೋಷವಿರಲಿಲ್ಲ, ಬುಡದ ಕಲ್ಲೇ ಕೊಳೆತು ಹಗುರಾಗಿತ್ತು. ಮನೆಯಷ್ಟು ದೊಡ್ಡ ಗುಂಡು ಆ ಪುಡಿಯ ಮೇಲೆ ಕೂತಿದೆ.

ಫೆಬ್ರವರಿಯಲ್ಲಿ ವರದಿ ಕೊಟ್ಟೆ. ತಿಂಗಳಿಗೆ 0.1 ಮಿಲಿಮೀಟರ್, ದೋಷ ಶೇಕಡಾ ನಾಲ್ಕು, ಸದ್ಯಕ್ಕೆ ಅಪಾಯವಿಲ್ಲ. ನೀನು ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಬಾಗಿಲಿಗೆ ತೂಗುಹಾಕಿದೆ. ಸಹಾಯಕಿ ಮಾಯಮ್ಮ ಮನೆಮನೆಗೆ ಹೋಗಿ, "ಶೀಬಮ್ನೋರು ಬರ್ದವ್ರೆ, ಕಳ್ಸ್ರವ್ವ ಮಕ್ಳುನ್ನ" ಎಂದು ಹೇಳಿ ಬಂದರು. ಆರು ಮಕ್ಕಳು ಇಪ್ಪತ್ತಮೂರಾದರು. ಅಷ್ಟು ಕುಣಿದಾಡಿದ ನಿನ್ನನ್ನು ನಿನ್ನ ಮದುವೆಯಲ್ಲೂ ನಾನು ನೋಡಿರಲಿಲ್ಲ. ಆಮೇಲೆ ಅಳೆಯುವುದನ್ನೇ ಬಿಟ್ಟೆವು.

ಈ ವಾರದ ಮಳೆಗೆ ಯಾಕೋ ಮನಸ್ಸು ತಡೆಯದೆ ಗುರುವಾರ ಬಂದೆ. ಫೆಬ್ರವರಿಯ ನಿನ್ನ ಕೊನೆಯ ಅಳತೆ 32.7 ಇತ್ತು. ಅವತ್ತು ನನ್ನ ಕೈಯಲ್ಲೇ 38.9 ಬಂತು. ಮೊದಲು ನನಗೆ ಹೊಳೆದಿದ್ದು ಏನು ಗೊತ್ತಾ? ಇದರಲ್ಲಿ 0.7 ಕಳೆಯಬೇಕು ಎಂದು. ನನ್ನ ಬುದ್ಧಿಗೆ ಅಷ್ಟು ಹುಳ ಹಿಡಿದಿದೆ. ಐದು ಸಲ ಅಳೆದೆ, ಐದೂ ಸಲ ಅಷ್ಟೇ. ತಿಂಗಳಿಗೆ ಒಂದೂವರೆ ಮಿಲಿಮೀಟರ್, ನಾನು ಬರೆದುಕೊಟ್ಟಿದ್ದರ ಹದಿನೈದು ಪಟ್ಟು. ನಿನ್ನೆ ಸಂಜೆ ನೀನು ಬೀಗ ಹಾಕಿ ಹೋದ ಮೇಲೆ ಮತ್ತೆ ಬಂದು ನೋಡಿದೆ. 39.7. ನನ್ನ ವರದಿಯ ಲೆಕ್ಕದಲ್ಲಿ ಎಂಟು ತಿಂಗಳು ಹಿಡಿಯಬೇಕಿದ್ದದ್ದು ಎರಡೇ ದಿನದಲ್ಲಿ ಆಗಿದೆ.

ನಾನು ಸುಮ್ಮನೆ ಕೂತಿಲ್ಲ. ಶುಕ್ರವಾರ ಆಫೀಸಿನಿಂದ ಆಫೀಸಿಗೆ ಅಲೆದೆ. ಕೊನೆಗೆ ಸಿಕ್ಕ ಸಾಹೇಬರು ಫೈಲ್ ಬಿಚ್ಚಿ ನನ್ನ ವರದಿಯನ್ನೇ ನನ್ನ ಕಡೆ ತಿರುಗಿಸಿ, "ಇದು ನಿಮ್ಮ ಸಹಿ ತಾನೇ ಮೇಡಂ? ಯಾವುದನ್ನ ನಂಬ್ಬೇಕು ನಾವು?" ಎಂದರು. ಬುಧವಾರ ಬಂದು ನೋಡುತ್ತಾರಂತೆ. ನಿನ್ನೆ ನಿಮ್ಮೂರಿನ ಇಬ್ಬರು ತಾಯಂದಿರನ್ನು ನಿಲ್ಲಿಸಿ ಹೇಳಿದೆ. "ಧನು ಮಿಸ್ಸು ಏಳ್ಲಿ, ಆವಾಗ ನೋಡ್ಮ" ಎಂದು ಹೊರಟೇಹೋದರು. ನನ್ನ ಮಾತಿಗೆ ಈಗ ಮೂರು ಕಾಸಿನ ಬೆಲೆ ಇಲ್ಲ. ಇನ್ನು ಉಳಿದಿರುವುದು ನೀನೊಬ್ಬಳು. ಆ ಮಕ್ಕಳನ್ನು ತಡೆಯಲು ಭೂಮಿಯ ಮೇಲೆ ಬೇರೆ ಯಾರೂ ಇಲ್ಲ ಕಣೇ.

ಅವರನ್ನು ಮಾಯಮ್ಮನ ಜಗಲಿಯಲ್ಲಿ ಕೂರಿಸು, ದೊಡ್ಡಹನುಮಯ್ಯನವರ ಕೊಟ್ಟಿಗೆಯಲ್ಲಾದರೂ ಕೂರಿಸು, ಹಾಡು ಹೇಳಿಸು, ಮೊಟ್ಟೆ ಅಲ್ಲೇ ಬೇಯಿಸಿ ಕೊಡು. ಕೇಂದ್ರ ಮುಚ್ಚಿದರೆ ಮುಚ್ಚಲಿ. ತಾಯಂದಿರು ಬೈದರೆ ಈ ಕಾಗದವನ್ನು ಗಟ್ಟಿಯಾಗಿ ಓದಿ ಹೇಳು. ಶೀಬಾ ಸುಳ್ಳು ಅಂಕಿ ಬರೆದಳು, ನಾನು ಅಳೆದು ಕಳಿಸಿದ ಅಂಕಿಯೇ ಸರಿ ಇತ್ತು ಎಂದು ಹೇಳು. ನನ್ನ ಕೆಲಸ ಹೋಗುತ್ತದೆ ಎಂದು ಒಂದು ಕ್ಷಣವೂ ಹಿಂಜರಿಯಬೇಡ. ಕಲ್ಲು ಬೀಳದೆಯೂ ಇರಬಹುದು. ಹತ್ತು ವರ್ಷ ಹಾಗೇ ಕೂತರೆ ಊರೆಲ್ಲ ನನ್ನನ್ನು ಆಡಿಕೊಳ್ಳಲಿ, ನೀನೂ ಸೇರಿಕೋ, ನಾನು ಎದುರಿಗೇ ಕೂತು ಕೇಳಿಸಿಕೊಳ್ಳುತ್ತೇನೆ. ನನ್ನ ಲೆಕ್ಕ ಪೂರ್ತಿ ತಪ್ಪಾಗಲಿ ಎಂದು ಇವತ್ತು ನಮಾಜಿನಲ್ಲಿ ಬೇಡಿಕೊಂಡೆ.

ನಾಳೆ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಇಷ್ಟು ಓದಿಯೂ ನೀನು ಬಾಗಿಲು ತೆಗೆದರೆ ಜಗಳ ಆಡುವುದಿಲ್ಲ. ಊಟವಾದ ಮೇಲೆ ತಂಪಾಗಿರುತ್ತದೆಂದು ಮಕ್ಕಳನ್ನು ಹಿಂದಿನ ಗೋಡೆಯ ಪಕ್ಕ ಮಲಗಿಸುತ್ತೀಯಲ್ಲ, ನಿನ್ನ ಮಗಳೂ ಅಲ್ಲೇ ಮಲಗುತ್ತಾಳಲ್ಲ, ಆ ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ನನ್ನ ಸಹಿ ನಂಬಿ ಅವರು ನಾಲ್ಕು ತಿಂಗಳು ಅಲ್ಲಿ ಮಲಗಿದ್ದಾರೆ.

ನಿನ್ನನ್ನೂ ಆ ಇಪ್ಪತ್ತಮೂರು ಮಕ್ಕಳನ್ನೂ ಅಲ್ಲಾಹ್ ಕಾಯಲಿ, ನಿನ್ನ ದೇವರೂ ಜೊತೆಗಿರಲಿ.

ಇವತ್ತು ಯಾವ ಅಂಕಿಯನ್ನೂ ತಿದ್ದದೆ ಬರೆದ,
ನಿನ್ನ ಶೀಬಾ